ಒಲೆ ಏರಬಾರದ ಮಾಂಸ

ನಮ್ಮ ಮನೆಯ ಒಲೆಯ ಮೇಲೆ ಮಾಂಸ ಏರಬಾರದು ಎಂಬ ಒಂದೇ ಕಾರಣಕ್ಕೆ ನಮ್ಮ ನಾಯಿಗೆ ಹಸಿ ಮಾಂಸ ತಿನ್ನುವ ಯೋಗ ಬಂತು. ಹೀಗೆಂದರೆ ಕೇಳಿದವರು ನಗುತ್ತಾರೆ. ಆದರೆ ನಮ್ಮದು ಮೊಟ್ಟೆ ಹಾಕಿದ ಕೇಕನ್ನು ಕೂಡ ಗೇಟಿನಾಚೆ ನಿಂತು ತಿಂದು, ಬಾಯಿ ತೊಳೆದುಕೊಂಡು ಒಳಗೆ ಬರಬೇಕಾದ ಮನೆ. ಮಾವನವರ ತಂದೆ ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದರು. ಮಾವನವರು ಇಲ್ಲೇ ಓದಿ, ಇಲ್ಲೇ ನೌಕರಿ ಮಾಡಿ, ಮೆಹದಿಪಟ್ಟಣಂ ಹಿಂದಿನ ಒಂದು ಕಾಲೊನಿಯಲ್ಲಿ ಮನೆ ಕಟ್ಟಿಸಿದರು. ಊರು ಬಿಟ್ಟು ಎರಡು ತಲೆಮಾರಾದರೂ ಬೆಳಗಿನ ಜಳಕ, ಹಣೆಯ ವಿಭೂತಿ, ಲಿಂಗಪೂಜೆ ಒಂದು ದಿನ ತಪ್ಪಿದ್ದನ್ನು ನಾನು ಕಂಡಿಲ್ಲ.

ಮಾವನವರ ಇನ್ನೊಂದು ನೇಮವೆಂದರೆ ಕಾಯಿಸಿದ ನೀರು. ಊರಿನ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಡೀ ಸರ್ವಿಸ್ ಕಳೆದವರು ಅವರು. ಸೂಕ್ಷ್ಮದರ್ಶಕದೊಳಗೆ ಏನೇನು ಕಂಡಿದ್ದರೋ, ಕುದಿಯದ ನೀರನ್ನು ಅವರು ನೀರೆಂದೇ ಒಪ್ಪುತ್ತಿರಲಿಲ್ಲ. ಸೊಸೆ ಕುದಿಸಿದ್ದರ ಮೇಲೂ ನಂಬಿಕೆಯಿಲ್ಲ. ಹಿತ್ತಲ ಕಡೆಯ ಬಟ್ಟೆ ಒಗೆಯುವ ಜಾಗದಲ್ಲಿ ತಮ್ಮದೇ ಒಂದು ಕರೆಂಟ್ ಒಲೆ ಇಟ್ಟುಕೊಂಡು, ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತು, ನೀರು ಕೊತಕೊತ ಕುದಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಇಳಿಸುತ್ತಿದ್ದರು. “ಅವು ಕಣ್ಣಿಗೆ ಕಾಣಂಗಿಲ್ಲವಾ, ಅದಕ್ಕs ಅಂಜಬೇಕು” ಎನ್ನುತ್ತಿದ್ದರು.

ಇಂಥ ಮನೆಗೆ ನನ್ನವರು ಒಂದು ಜರ್ಮನ್ ಶೆಫರ್ಡ್ ಮರಿಯನ್ನು ತಂದು ಬಿಟ್ಟು, ತಾವು ಪ್ರಾಜೆಕ್ಟಿನ ಕೆಲಸಕ್ಕೆಂದು ಖಮ್ಮಂಗೆ ಹೋಗಿ ಕುಳಿತರು. ಬರುವುದು ರಜೆಗೊಮ್ಮೆ. ನಾಯಿಗೆ ಅವರಿಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ‘ಮರಿ’ ಎಂಬುದೇ ಹೆಸರಾಗಿ ಉಳಿಯಿತು. ಮೊದಲ ವಾರ ಮಾವನವರು ಮೂಗು ಮುರಿದರು. ಎರಡನೆಯ ವಾರ ಅದು ಅವರ ಪೇಪರಿನ ಮೇಲೆ ಮಲಗಿತು. ಆಮೇಲೆ ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕಿ ಅದಕ್ಕೆ ತಿನ್ನಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ತೊಂದರೆ ಶುರುವಾದದ್ದು ಮರಿಗೆ ಇನ್ನೂ ವರ್ಷ ತುಂಬುವ ಮೊದಲೇ. ಮೈಯೆಲ್ಲ ಕೆರೆತ. ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ ಕೂದಲು ಉದುರಿ ಚರ್ಮ ಕೆಂಪಾಗಿ, ಕೆರೆದು ಕೆರೆದು ರಕ್ತ ಬರುತ್ತಿತ್ತು. ಜೊತೆಗೆ ನಿಲ್ಲದ ಭೇದಿ. ಬೆಳೆಯುವ ವಯಸ್ಸಿನ ಪ್ರಾಣಿ, ಎತ್ತಿದರೆ ಎಲುಬು ಕೈಗೆ ಚುಚ್ಚುವಷ್ಟು ಇಳಿದುಹೋಯಿತು. ಔಷಧಿ ಇದ್ದಷ್ಟು ದಿನ ಸುಮ್ಮನಿದ್ದು, ಮುಗಿದ ಮರುದಿನ ಮತ್ತೆ ಅದೇ ಕಥೆ. ನನ್ನವರು ಫೋನಿನಲ್ಲಿ, “ಹಿಂಗೇ ಆದ್ರ ಅದು ಉಳಿಯಂಗಿಲ್ಲ ಬಿಡು” ಅಂದರು. ಬಿಡು ಎಂಬ ಮಾತಿಗೆ ನಾನು ಫೋನು ಇಟ್ಟುಬಿಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಯವರಿಗೆಲ್ಲ ಗೊತ್ತು.

ನಮ್ಮ ಪಶುವೈದ್ಯೆ ತೆಲುಗಿನ ಹೆಂಗಸು, ಅಳೆದು ಮಾತಾಡುವವರು. ಪರೀಕ್ಷೆಗಳನ್ನೆಲ್ಲ ಮುಗಿಸಿ, ಇದು ಊಟದ ದೋಷವಿರಬಹುದು, ಹಾಲು ಮತ್ತು ಕಾಳುಕಡಿ ಪೂರ್ತಿ ನಿಲ್ಲಿಸಿ ಮಾಂಸ ಕೊಟ್ಟು ನೋಡಿ ಎಂದರು. ಬೇಯಿಸಿ ಕೊಡುವುದು ಅವರಿಗೆ ಇಷ್ಟ. ನಮ್ಮಲ್ಲಿ ಬೇಯಿಸುವಂತಿಲ್ಲ ಎಂದೆ. ಅವರು, ಹಾಗಾದರೆ ಹಸಿಯದನ್ನೇ ಕೊಡಬಹುದು, ಆದರೆ ಎಚ್ಚರ ಜಾಸ್ತಿ ಬೇಕು ಎಂದು ಬಿಡಿಸಿ ಹೇಳಿದರು. ಒಳ್ಳೆಯ ಅಂಗಡಿಯಿಂದ ತಾಜಾ ತಂದು ಫ್ರೀಜರಿನಲ್ಲಿಡಬೇಕು. ಪಾತ್ರೆ, ಕೈ ತಿಕ್ಕಿ ತೊಳೆಯಬೇಕು. ಮೊದಲು ಎಲುಬಿಲ್ಲದೆ ಸಣ್ಣಗೆ ಕೊಚ್ಚಿದ ಖೀಮಾ, ಅದು ಒಗ್ಗಿದ ಮೇಲೆ ಸ್ವಲ್ಪ ಕಲೇಜಿ ಅಂದರೆ ಲಿವರ್, ಕೊನೆಗೆ ಕೋಳಿಯ ಕುತ್ತಿಗೆ. ಕೊನೆಯದಾಗಿ ಬೆರಳೆತ್ತಿ ಅಂದರು: ಎಲುಬು ಕೊಟ್ಟರೆ ಹಸಿಯದೇ ಆಗಿರಬೇಕು. ಹಸಿ ಎಲುಬು ಮೆತ್ತಗೆ ಮುರಿದು ಕರಗುತ್ತದೆ, ಬೆಂದ ಎಲುಬು ಸೀಳಿ ಸೂಜಿಯಾಗುತ್ತದೆ.

ಮನೆಗೆ ಬಂದು ಮಾವನವರ ಮುಂದೆ ಇದನ್ನು ಹೇಗೆ ಹೇಳುವುದು? ಕೋಳಿ, ಎಲುಬು, ಖೀಮಾ ಎಂಬ ಮಾತುಗಳನ್ನು ಹಿರಿಯರ ಎದುರು ಆಡಿದ ಅಭ್ಯಾಸವೇ ನಮಗಿಲ್ಲ. ರೊಟ್ಟಿ ಹಾಲು ಬಂದ್ ಮಾಡಿ “ಅದನ್ನ” ತರಬೇಕಂತ್ರಿ, ಅಂದೆ. ಅವರಿಗೆ ಅರ್ಥವಾಯಿತು. ಮರಿಯ ರಕ್ತ ಬಂದ ಕಿವಿಯನ್ನು ಬಹಳ ಹೊತ್ತು ನೋಡುತ್ತ ಕುಳಿತು ಕೊನೆಗೆ, “ಹಿತ್ತಲದಾಗ ಏನರ ಮಾಡ್ಕೊ. ಆದ್ರ ಈ ಮನಿಯಾಗ ಅದು ಒಲಿ ಮ್ಯಾಲ ಏರಬಾರದು ನೋಡವಾ” ಅಂದರು.

“ಏರಂಗಿಲ್ಲರಿ ಮಾವಾರ. ಹಸೀದs ಹಾಕತೀನಿ.”

ಅವರು ಬೆಚ್ಚಿ ನನ್ನ ಮುಖ ನೋಡಿದರು. ರೊಟ್ಟಿ ಹಾಲು ಬಂದ್ ಎಂದದ್ದಕ್ಕೆ ಬೇಸರವಿರಬೇಕು ಎಂದುಕೊಂಡೆ.

ಹಳೆಯ ಸಣ್ಣ ಫ್ರಿಜ್ಜನ್ನು ಹಿತ್ತಲ ಮೆಟ್ಟಿಲ ಕೆಳಗೆ ಇರಿಸಿದೆ. ಜೀವಮಾನದಲ್ಲಿ ಮೊದಲ ಸಲ ಚಿಕನ್ ಅಂಗಡಿಯ ಮುಂದೆ ನಿಂತು, ಕೊಂಡದ್ದನ್ನು ನೋಡದೆ ಚೀಲ ಚಾಚಿದೆ. “ಕುತ್ತೇ ಕು ಕ್ಯಾ ಅಮ್ಮಾ?” ಎಂದು ಅಂಗಡಿಯವನು ನಕ್ಕ. ನಾಯಿಗೇ ಎಂದು ತಲೆಯಾಡಿಸಿದೆ. ಮನೆಗೆ ಬಂದು ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಡಬ್ಬಿಗೆ ತುಂಬಿದೆ. ಇಷ್ಟೆಲ್ಲ ಮಾಡಿ ಮುಂದಿಟ್ಟರೆ ಮರಿ ಮೂಸಿ ನೋಡಿ, ಮುಖ ತಿರುಗಿಸಿ, ಮಾವನವರ ಕಾಲ ಬಳಿ ಹೋಗಿ ರೊಟ್ಟಿಗಾಗಿ ಕುಳಿತುಕೊಂಡಿತು!

ತಿನ್ನದಿದ್ದರೆ ಎತ್ತಿಡಿ, ಹಸಿವಾದರೆ ತಾನೇ ತಿನ್ನುತ್ತದೆ ಎಂದಿದ್ದರು ವೈದ್ಯೆ. ಎತ್ತಿಟ್ಟೆ. ಸಂಜೆಯೂ ತಿನ್ನಲಿಲ್ಲ.

“ಉಪಾಸ ಕೆಡವಿ ಕೊಲ್ಲತೀಯೇನವಾ ಅದನ್ನ?”

“ಡಾಕ್ಟರ್ ಹೇಳ್ಯಾರ್ರಿ ಮಾವಾರ.”

“ಡಾಕ್ಟರ್ ಹಡದಾರೇನು ಅದನ್ನ?”

ನಾವೂ ಹಡೆದಿಲ್ಲ ಎಂಬ ಮಾತು ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ. ಮರುದಿನ ಬೆಳಿಗ್ಗೆ ಮರಿ ಖೀಮಾವನ್ನು ಒಂದೇ ಉಸಿರಿಗೆ ನೆಕ್ಕಿ ಮುಗಿಸಿದಾಗ ನಾನು ಹಿತ್ತಲಲ್ಲೇ ಕುಳಿತು ಅತ್ತುಬಿಟ್ಟೆ. ಅದಾದ ಮೇಲೆ ಭೇದಿ ನಿಂತಿತು. ಕೆರೆತ ಮೆಲ್ಲಗೆ ಕಡಿಮೆಯಾಗಿ, ಕಿವಿಯ ಹಿಂದೆ ಹೊಸ ಕೂದಲು ನವಿರಾಗಿ ಬರತೊಡಗಿತು. ಆದರೂ ನನಗೆ ಒಂದು ದಿನವೂ ನೆಮ್ಮದಿಯಿಲ್ಲ. ಆಫೀಸಿನಲ್ಲಿ ಕುಳಿತರೂ ಕಿವಿ ಫೋನಿನ ಕಡೆಗೇ. ಮನೆಗೆ ಬಂದ ಕೂಡಲೇ ಮೊದಲು ನೋಡುತ್ತಿದ್ದುದು ನಾಯಿಯ ಮುಖವನ್ನಲ್ಲ, ಅದು ಕುಳಿತೆದ್ದ ಜಾಗವನ್ನು.

ಕೋಳಿಯ ಕುತ್ತಿಗೆಯ ಸರದಿ ಬಂದಾಗ ಮರಿ ಮತ್ತೆ ಹಟ ಹಿಡಿಯಿತು. ಅದನ್ನು ಬಾಯಲ್ಲಿ ಕಚ್ಚಿಕೊಂಡು ಹಿತ್ತಲೆಲ್ಲ ಮೆರವಣಿಗೆ ಮಾಡಿ, ಒಂದು ದಿನ ಒಣಗಲು ಹಾಕಿದ್ದ ಮಾವನವರ ಪೂಜೆಯ ಧೋತರವನ್ನು ಎಳೆದು ಕೆಡವಿ ಅದರಡಿ ಬಚ್ಚಿಟ್ಟಿತು. ಇವತ್ತಿಗೆ ನಾಯಿಯೂ ಇಲ್ಲ, ನಾನೂ ಇಲ್ಲ ಎಂದುಕೊಂಡೆ. ಮಾವನವರು ಧೋತರವನ್ನು ಬಕೆಟ್ಟಿನಲ್ಲಿ ನೆನೆಹಾಕಿ ಒಳಗೆ ಹೋದರು, ಅಷ್ಟೇ.

ಮಧ್ಯಾಹ್ನದ ಊಟವೇ ದೊಡ್ಡ ಸಮಸ್ಯೆ. ನಾನು ಮಾದಾಪುರದ ಆಫೀಸಿಗೆ ಬೆಳಿಗ್ಗೆ ಹೋದರೆ ಸಂಜೆಯೇ ವಾಪಸು. ಕೊನೆಗೆ ಮಾವನವರೇ ಒಪ್ಪಿಕೊಂಡರು. ನಾನು ಬೆಳಿಗ್ಗೆಯೇ ಒಂದು ಮುಚ್ಚಳದ ಡಬ್ಬಿಯಲ್ಲಿ ಕುತ್ತಿಗೆಗಳನ್ನು ಹಾಕಿಡುವುದು, ಅವರು ಮುಖ ಆ ಕಡೆ ತಿರುಗಿಸಿ ತಟ್ಟೆಗೆ ಸುರಿಯುವುದು. ಮುಟ್ಟುವಂತಿಲ್ಲ, ನೋಡುವಂತಿಲ್ಲ. ಅಷ್ಟಕ್ಕೇ ಅವರಿಗೆ ಎಷ್ಟು ಕಷ್ಟವಾಯಿತೋ, ನಾನು ಕೇಳಲು ಹೋಗಲಿಲ್ಲ. ಮೊದಲ ಕೆಲವು ದಿನ ಸಂಜೆ ಬಂದು ನೋಡಿದರೆ ತಟ್ಟೆಯಲ್ಲಿದ್ದದ್ದು ಹಾಗೇ ಇರುತ್ತಿತ್ತು. ಆಮೇಲೆ ಒಂದು ದಿನ ತಟ್ಟೆ ಖಾಲಿ! ಮರುದಿನವೂ ಖಾಲಿ. “ತಿಂತೇನ್ರಿ ಮಾವಾರ?” ಎಂದರೆ “ಹ್ಞೂಂ, ತಿಂತು” ಎಂದು ಪೇಪರಿನ ಹಿಂದೆ ಮುಖ ಮರೆಸಿದರು. ಗೆದ್ದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಿತ್ತಲಲ್ಲಿ ಹೊಸದೊಂದು ಅಲ್ಯೂಮಿನಿಯಂ ಪಾತ್ರೆ ಬಂದಿದ್ದನ್ನು ನೋಡಿದೆ, ನೀರು ಕಾಯಿಸಲು ತಂದಿರಬೇಕೆಂದು ಸುಮ್ಮನಾದೆ. ಮಾವನವರು ಮಧ್ಯಾಹ್ನವೂ ಒಮ್ಮೆ ಜಳಕ ಮಾಡತೊಡಗಿದ್ದು ಕೂಡ ಗೊತ್ತಿತ್ತು, ಹೈದರಾಬಾದಿನ ಸೆಖೆಗೆ ಯಾರು ತಾನೇ ಮಾಡುವುದಿಲ್ಲ?

ಫೋನು ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಮಾವನವರು ಆಫೀಸಿನ ಹೊತ್ತಿನಲ್ಲಿ ಫೋನು ಮಾಡುವವರೇ ಅಲ್ಲ. “ಮರಿ ಒದ್ದಾಡಾಕತ್ತೈತವಾ. ವಾಂತಿ ಮಾಡಾಕತ್ತೈತಿ, ಕೆಂಪಗ ಬರಾಕತ್ತೈತಿ.” ತಕ್ಷಣ ಆಟೋ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗಿ, ನಾನು ನೇರ ಅಲ್ಲಿಗೇ ಬರುತ್ತೇನೆ ಎಂದು ಹೇಳಿ ಕ್ಯಾಬ್ ಹತ್ತಿದೆ. ಟೋಲಿಚೌಕಿಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಡ್ರೈವರನನ್ನು ಬೈದೆ, ಸಿಗ್ನಲನ್ನು ಬೈದೆ, ಖಮ್ಮಂನಲ್ಲಿ ಕುಳಿತವರನ್ನೂ ಬೈದೆ.

ಒಳಗೆ ಹೋದಾಗ ಮರಿ ಮೇಜಿನ ಮೇಲೆ ಅಡ್ಡ ಬಿದ್ದಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸಲು ನೋಡಿತು, ಆಗಲಿಲ್ಲ. ಮಾವನವರು ಗೋಡೆಗೆ ಆತು ನಿಂತಿದ್ದರು. ಅವರ ಬಿಳಿ ಅಂಗಿಯ ಮೇಲೆ ರಕ್ತ ಬೆರೆತ ವಾಂತಿಯ ಕಲೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು.

ವೈದ್ಯೆ ಎಕ್ಸ್‌ರೇ ತೋರಿಸಿದರು. ಹೊಟ್ಟೆಯಲ್ಲಿ ಎಲುಬಿನ ಚೂರುಗಳಿವೆ. ಈಗ ನೀವು ಒಂದೇ ಒಂದು ವಿಷಯ ಸರಿಯಾಗಿ ಹೇಳಬೇಕು, ಅಂದರು. ಇದು ಹಸಿ ಎಲುಬಾದರೆ ಇಂಜೆಕ್ಷನ್ ಕೊಟ್ಟು ನಾಳೆಯವರೆಗೆ ಕಾಯಬಹುದು, ಕರಗಿ ಹೋಗುವ ಸಾಧ್ಯತೆ ಹೆಚ್ಚು. ಬೇಯಿಸಿದ ಎಲುಬಾದರೆ ಕಾಯುವ ಹಾಗಿಲ್ಲ, ಕರುಳು ಹರಿದುಬಿಡುತ್ತದೆ, ಈಗಲೇ ಹೊಟ್ಟೆ ಕೊಯ್ಯಬೇಕು. ಈ ಪ್ರಾಣಿ ಮೊದಲೇ ಸೊರಗಿದ್ದು, ಅರಿವಳಿಕೆ ತಡೆಯುತ್ತದೆಂದು ನಾನು ಭರವಸೆ ಕೊಡಲಾರೆ. ಅದಕ್ಕೇ ಸುಮ್ಮಸುಮ್ಮನೆ ಕೊಯ್ಯಲಾರೆ. ಹಸಿಯದೋ, ಬೇಯಿಸಿದ್ದೋ?

“ಹಸೀದೇ” ಅಂದೆ.

ಖಂಡಿತವೇ, ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಕೈ ತಿಕ್ಕಿ ತಿಕ್ಕಿ ತೊಳೆದದ್ದು, ಅವರು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸಿದ್ದು, ಎಲ್ಲವೂ ಸೇರಿ ಬಾಯಿಗೆ ಬಂತು. ನಮ್ಮ ಮನೆಯಲ್ಲಿ ಮಾಂಸ ಬೇಯುವುದೇ ಇಲ್ಲ ಡಾಕ್ಟರ್, ಎಂದು ದನಿ ಏರಿಸಿದೆ. ಮಾವನವರ ಕಡೆ ಕೈ ಮಾಡಿ, ಇವರ ಹಣೆ ನೋಡಿ, ಇವರಿರುವ ಮನೆಯಲ್ಲಿ ಮಾಂಸ ಒಲೆ ಏರುತ್ತದೆ ಅನ್ನಿಸುತ್ತದೆಯೇ ನಿಮಗೆ, ಎಂದು ಕೇಳಿದೆ. ವೈದ್ಯೆ ಅವರನ್ನು ನೋಡಿದರು. ನೋಡಿ ತಲೆಯಾಡಿಸಿ, ಕಾಯೋಣ ಎಂದು ಇಂಜೆಕ್ಷನ್ನಿನ ಸೀಸೆ ಕೈಗೆತ್ತಿಕೊಂಡರು.

“ನೇನೇ ಉಡಕಬೆಟ್ಟಾನಮ್ಮಾ.”

ನಾನೇ ಬೇಯಿಸಿದೆ ತಾಯಿ. ಮಾವನವರು ತೆಲುಗಿನಲ್ಲಿ ಅಂದದ್ದು ಇಷ್ಟೇ. ದನಿ ಸಣ್ಣದಾಗಿತ್ತು, ಆದರೆ ಆ ಕೋಣೆಯಲ್ಲಿ ಕೇಳಿಸದವರು ಯಾರೂ ಇರಲಿಲ್ಲ. ಎಷ್ಟು ಹೊತ್ತು ಬೇಯಿಸಿದಿರಿ ಎಂದು ವೈದ್ಯೆ ಕೇಳಿದರು. ಚೆನ್ನಾಗಿ ಕುದಿ ಬಂದ ಮೇಲೂ ಬಹಳ ಹೊತ್ತು, ಒಂದು ಕ್ರಿಮಿಯೂ ಉಳಿಯದ ಹಾಗೆ ಅಂದರು ಮಾವನವರು. ವೈದ್ಯೆ ಸೀಸೆಯನ್ನು ಕೆಳಗಿಟ್ಟು ಸಹಾಯಕಿಯನ್ನು ಕೂಗಿದರು. ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು.

ಹೊರಗಿನ ಬೆಂಚಿನ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅವರು. ನಾನು ಅವರ ಮುಖ ನೋಡಲಿಲ್ಲ. ಬೇಯಿಸಿಯೂ ಹೇಳದೆ ಇದ್ದರಲ್ಲ, ದಿನಾ ಸಂಜೆ “ತಿಂತು” ಎಂದರಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ಆ ಬಾಗಿಲ ಹಿಂದೆ ಒಂದು ಸದ್ದೂ ಇಲ್ಲದ್ದು ಇನ್ನೂ ಹೆದರಿಕೆ ಹುಟ್ಟಿಸುತ್ತಿತ್ತು. ಕೊನೆಗೆ ತಡೆಯಲಾಗಲಿಲ್ಲ.

“ಒಲಿ ಮ್ಯಾಲ ಏರಬಾರದು ಅಂದವರು ನೀವs ಅಲ್ಲೇನ್ರಿ ಮಾವಾರ? ಮತ್ತ ನೀವs ಯಾಕ ಹಿಂಗ ಮಾಡಿದ್ರಿ?”

ಅವರು ಅಂಗಿಯ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದರು.

“ನಾ ಏರಬಾರದು ಅಂದೆ. ಅದಕ್ಕ ನೀ ಹಸೀದು ಹಾಕಾಕತ್ತೀದಿ ಅಂತ ತಿಳಕೊಂಡಿದ್ದೆನವಾ. ನನ್ನ ಸಲುವಾಗಿ. ಹಸೀದರಾಗ ಏನೇನ ಇರತಾವು, ನನಗ ಗೊತ್ತಿಲ್ಲೇನು? ಜೀವನಾ ಪೂರ್ತಿ ಅದನ್ನs ನೋಡೀನಿ. ಅದೂ ಮೂಸಿ ನೋಡಿ ಬಿಟ್ಟು ನನ್ನ ಮಾರಿ ನೋಡತಿತ್ತು. ನನ್ನ ನೇಮಕ್ಕ ಆ ಕೂಸು ಯಾಕ ಉಪಾಸ ಇರಬೇಕು, ಯಾಕ ಹುಳದ ಕೂಳು ತಿನಬೇಕು ಅನಿಸ್ತು. ನೇಮಾ ನಂದು. ಪಾಪ ಬಂದ್ರ ನನಗ ಬರಲಿ ಅಂದೆ.”

ಎಲುಬನ್ನು ಬೇಯಿಸಬಾರದು ಎಂದು ವೈದ್ಯೆಯೂ ಹೇಳಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಯಾರು ಹೇಳಬೇಕಿತ್ತು? ಎಲುಬು ಎಂಬ ಮಾತನ್ನೇ ಆಡದ ಮನೆಯಲ್ಲಿ ಎಲುಬಿನ ಸಂಗತಿ ಯಾರ ಬಾಯಲ್ಲಿ ಬರಬೇಕಿತ್ತು? ವೈದ್ಯೆಯ ನಿಷೇಧವೂ ಮಾವನವರ ನೇಮವೂ ‘ಬೇಯಿಸಬಾರದು’ ಎಂಬ ಒಂದೇ ಮಾತಾಗಿ ಕಂಡಿದ್ದರಿಂದ ಇಬ್ಬರೂ ಇನ್ನೇನೂ ಕೇಳಲಿಲ್ಲ.

“ಕೈಲೆ ಮುಟ್ಟಿದ್ರೇನ್ರಿ?” ಅಂದೆ. ಯಾಕೆ ಅದನ್ನೇ ಕೇಳಿದೆನೋ.

“ಮುಟ್ಟದs ಹೆಂಗ ತೊಳೀಲಿ?” ಅಂದರು. “ಮೊದಲನೇ ದಿನಾ ತೊಳದು, ಕುದಿಸಿ, ಆರಿಸಿ ಹಾಕಿದೆ. ಗಬಗಬ ತಿಂತವಾ. ತಿಂದು ನನ್ನ ಕೈ ನೆಕ್ಕಿತು. ಆಮ್ಯಾಲ ಜಳಕಾ ಮಾಡಿದೆ.”

ಕೋಪ ಹೋಯಿತೇ ಎಂದರೆ, ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಅಳು ಬಂತು. ನನ್ನ ಸೆರಗಿನಿಂದಲೇ ಅವರ ಅಂಗಿಯ ಕಲೆ ಒರೆಸಲು ಹೋದೆ. “ಬಿಡವಾ, ಮೈಲಿಗಿ ಆಗತೈತಿ ನಿನಗ” ಅಂದರು. ಆ ಮಾತಿಗೆ ಇನ್ನೂ ಅತ್ತೆ.

ಬಾಗಿಲು ತೆರೆದು ವೈದ್ಯೆ ಹೊರಬಂದಾಗ ನಾವಿಬ್ಬರೂ ಒಟ್ಟಿಗೇ ಎದ್ದು ನಿಂತೆವು. ಬದುಕಿದೆ, ಅಂದರು. ಇನ್ನು ಸ್ವಲ್ಪ ತಡವಾಗಿದ್ದರೂ ಕರುಳು ತೂತಾಗುತ್ತಿತ್ತು, ಈ ತಾತಗಾರು, ಅಜ್ಜನವರು, ಬಾಯಿ ಬಿಟ್ಟದ್ದು ಒಳ್ಳೆಯದಾಯಿತು ಎಂದರು. ಸ್ಟೀಲ್ ಬಟ್ಟಲಿನಲ್ಲಿ ಹೊರತೆಗೆದ ಚೂರುಗಳಿದ್ದವು. ಮಾವನವರು ಬಟ್ಟಲನ್ನು ಕೇಳಿ ತೆಗೆದುಕೊಂಡು, ಒಂದು ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆತ್ತಿ ನೋಡಿದರು. ಅದರ ಮೊನೆಯನ್ನು ತಮ್ಮ ಅಂಗೈಗೆ ಒತ್ತಿಕೊಂಡರು. ನಾನು ಬಟ್ಟಲು ಕಸಿದುಕೊಂಡೆ.

ಮರಿ ಮನೆಗೆ ಬಂದ ಮೇಲೆ ಗಂಜಿ, ಡಬ್ಬಿಯ ಆಹಾರ, ಅದೂ ಇದೂ ಎಂದು ದಿನ ಕಳೆದವು. ಹೊಲಿಗೆ ಮಾಯ್ದಿತು, ಆದರೆ ಕೆರೆತ ಮತ್ತೆ ಶುರುವಾಯಿತು. ಎಲುಬು ಸದ್ಯಕ್ಕೆ ಬೇಡ, ಹಸಿ ಖೀಮಾ ಮತ್ತೆ ಮೆಲ್ಲಗೆ ಕೊಡಬಹುದು, ಬೇಕಾದರೆ ಬೇಯಿಸಿಯೂ ಕೊಡಬಹುದು, ಎಂದರು ವೈದ್ಯೆ. ನನ್ನವರು ಖಮ್ಮಂನಿಂದ ಬಂದು, ಆ ಸಹವಾಸವೇ ಬೇಡ ಎಂದರು. ನನಗೂ ಧೈರ್ಯವಿರಲಿಲ್ಲ. ಹಿತ್ತಲ ಫ್ರಿಜ್ಜಿನ ಪ್ಲಗ್ಗು ಕಿತ್ತಿಟ್ಟಿದ್ದೆ. ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಮಾವನವರು ಪೇಪರಿನ ಹಿಂದಿನಿಂದಲೇ, “ನಾಳಿಗೆ ತಂದ ಹಾಕವಾ. ಹಸೀದನ್ನs ಹಾಕು” ಅಂದರು.

ಮರುದಿನ ಖೀಮಾವನ್ನು ತಟ್ಟೆಗೆ ಹಾಕಿ ಹಿತ್ತಲಲ್ಲಿ ಇಟ್ಟೆ. ಮರಿ ಹತ್ತಿರ ಬರಲಿಲ್ಲ. ಬಾಗಿಲ ಕಡೆಗೇ ನೋಡುತ್ತ ನಿಂತಿತು. ಆಗ ಮಾವನವರು ಹೊರಗೆ ಬಂದರು. ಜಳಕ, ಪೂಜೆ ಮುಗಿದು ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ಮಂಡಿಯೂರಿ ಕುಳಿತು, ಬರಿಗೈಯ ಬೆರಳನ್ನು ಮಾಂಸದ ಮೇಲೆ ಒತ್ತಿ, ತಣ್ಣಗಿದೆಯೇ ಎಂದು ಅಲ್ಲಲ್ಲಿ ಮುಟ್ಟಿ ನೋಡಿದರು.

“ಹಸೀದs ಐತೆಲ್ಲಾ?”

“ಹಸೀದರಿ ಮಾವಾರ.”

“ಒಂಚೂರೂ ಕಾಯಿಸಿಲ್ಲೆಲ್ಲಾ?”

“ಇಲ್ಲರಿ.”

ಆಮೇಲೆ ಅವರು ತಟ್ಟೆಯನ್ನು ಮುಂದಕ್ಕೆ ಸರಿಸಿ, “ತಿನ್ನು” ಅಂದರು. ಮರಿ ತಿಂದಿತು. ಅದು ತಟ್ಟೆ ನೆಕ್ಕಿ ಮುಗಿಸುವವರೆಗೂ ಅವರು ಮುಖ ತಿರುಗಿಸದೆ ಅಲ್ಲೇ ಕುಳಿತಿದ್ದರು.